ನೀರಿನಲ್ಲಿ ಹಾರುವ ತೊರಕೆ

ಧರ್ಮಸ್ಥಳದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ಯಾತ್ರಿಕರ ವಾಹನಗಳು ಪೆರಿಯಶಾಂತಿ ದಾಟಿ ಇಚಿಲಂಪಾಡಿಗೆ ಬಂದಾಗ ಒಂದು ಸೇತುವೆಯ ಮೇಲೆ ಹಾದುಹೋಗುತ್ತವೆ. ಕೆಳಗೆ ಹರಿಯುವುದು ಗುಂಡ್ಯ ಹೊಳೆ. ಆಟಿ ತಿಂಗಳಲ್ಲಿ ಕೆಂಪಾಗಿ, ಮರದ ದಿಮ್ಮಿಗಳನ್ನೂ ಹೊತ್ತುಕೊಂಡು ಅಬ್ಬರಿಸುವ ಇದೇ ಹೊಳೆ ಜನವರಿ ಬಂತೆಂದರೆ ಸಾಧುವಾಗುತ್ತದೆ. ತಳದ ಕಲ್ಲುಗಳು ಒಂದೊಂದಾಗಿ ಕಾಣಿಸುತ್ತವೆ. ಕಲ್ಲುಗಳ ನಡುವೆ ಮೀನುಗಳೂ ಕಾಣಿಸುತ್ತವೆ.

ಪಶ್ಚಿಮಘಟ್ಟದ ಇಂಥ ಹೊಳೆ, ತೊರೆಗಳಲ್ಲಿ ಹೆಬ್ಬೆರಳಿನಷ್ಟೇ ಉದ್ದದ ಕೆಲವು ಮೀನುಗಳಿವೆ. ನೀರು ರಭಸವಾಗಿ ಧುಮುಕುವ ಕಡೆಯಲ್ಲೇ ಇವುಗಳ ವಾಸ. ಹೊಟ್ಟೆ ಚಪ್ಪಟೆ. ಎದೆಯ ಈಜುರೆಕ್ಕೆಗಳು ಎರಡೂ ಬದಿಗೆ ಬೀಸಣಿಗೆಯಂತೆ ಹರಡಿಕೊಂಡಿರುತ್ತವೆ. ಆನೆಯನ್ನೂ ಅಲುಗಾಡಿಸುವಂಥ ಸೆಳೆತದಲ್ಲಿ ಈ ಪುಟ್ಟ ಜೀವಿ ಕಲ್ಲಿಗೆ ಅಂಟಿಕೊಂಡು ನಿಶ್ಚಿಂತೆಯಿಂದ ಇರುತ್ತದೆ. ‘ಭವಾನಿಯಾ’ ಎಂಬ ಕುಲದ ಮೀನು ಇಂಥವುಗಳಲ್ಲಿ ಒಂದು. ಅದನ್ನು ಮೇಲಿನಿಂದ ನೋಡಿದವರಿಗೆ ಕಡಲಿನ ಇನ್ನೊಂದು ಮೀನಿನ ನೆನಪಾಗದಿರದು. ಅದೇ ತೊರಕೆ.

ಇಚಿಲಂಪಾಡಿಯ ಮಕ್ಕಳಿಗೆ ತೊರಕೆಯ ಪರಿಚಯ ಇರುವುದು ಮೀನಿನ ಗಾಡಿಯ ಮೂಲಕ, ಅದೂ ತುಂಡಾದ ರೂಪದಲ್ಲಿ. ಮಳೆಗಾಲದಲ್ಲಾದರೆ ಒಣಮೀನಿನ ರೂಪದಲ್ಲಿ. ಇಡಿಯ ತೊರಕೆಯನ್ನು ನೋಡಬೇಕಾದರೆ ಹೊಳೆಯ ಜೊತೆಗೇ ಕೆಳಗೆ ಹೋಗಬೇಕು. ಗುಂಡ್ಯ ಹೊಳೆ ಕುಮಾರಧಾರೆಯನ್ನು ಸೇರುತ್ತದೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ನೇತ್ರಾವತಿ ಮಂಗಳೂರಿನಲ್ಲಿ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ಅಲ್ಲಿನ ಮೀನುಗಾರಿಕಾ ಬಂದರಿನ ನೆಲದ ಮೇಲೆ, ಬಾಲವನ್ನು ಚಾಟಿಯಂತೆ ಚಾಚಿ, ಮರದ ಮಣೆಯಷ್ಟು ಅಗಲವಾಗಿ ಬಿದ್ದಿರುವ ತೊರಕೆಗಳನ್ನು ಕಾಣಬಹುದು.

ನೆಲದ ಮೇಲೆ ಬಿದ್ದ ತೊರಕೆ ನೋಡಲು ಚೆಂದವಿಲ್ಲ. ಆದರೆ ನೀರಿನೊಳಗೆ ಅದು ಚಲಿಸುವ ರೀತಿಯನ್ನು ಕಂಡವರು ಅದನ್ನು ‘ಈಜು’ ಎನ್ನಲು ಹಿಂಜರಿಯುತ್ತಾರೆ. ಅದು ಹಾರಾಟ. ಈ ಹಾರಾಟ ಹೇಗೆ ನಡೆಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ದ್ರವ ಚಲನಶಾಸ್ತ್ರ. ಹೆಸರು ದೊಡ್ಡದಾದರೂ ಅದರ ಮೊದಲ ಪಾಠಗಳಿಗೆ ಹತ್ತನೆಯ ತರಗತಿಯ ವಿಜ್ಞಾನವೇ ಸಾಕು.

ಎಲುಬಿಲ್ಲದ ಮೀನು

ತೊರಕೆಗಳು ಶಾರ್ಕ್‌ಗಳ ಹತ್ತಿರದ ಬಂಧುಗಳು. ಪ್ರಪಂಚದಲ್ಲಿ ಇವುಗಳ ಆರುನೂರಕ್ಕೂ ಹೆಚ್ಚು ಜಾತಿಗಳಿವೆ. ಅಂಗೈಯಗಲದವೂ ಇವೆ, ರೆಕ್ಕೆಯ ತುದಿಯಿಂದ ತುದಿಗೆ ಆರೇಳು ಮೀಟರ್ ಬೆಳೆಯುವ ಮಂಟಾಗಳೂ ಇವೆ. ಸ್ಪ್ಯಾನಿಷ್ ಭಾಷೆಯಲ್ಲಿ ‘ಮಂಟಾ’ ಎಂದರೆ ಕಂಬಳಿ. ಹೆಸರಿಟ್ಟವರ ಕಣ್ಣಿಗೆ ಅದು ನೀರಿನಲ್ಲಿ ತೇಲುವ ಕಂಬಳಿಯಂತೆ ಕಂಡಿರಬೇಕು. 2020ರ ಅಕ್ಟೋಬರಿನಲ್ಲಿ ಮಲ್ಪೆಯ ದೋಣಿಯೊಂದರ ಬಲೆಗೆ ಎರಡು ಭಾರೀ ತೊರಕೆಗಳು ಬಿದ್ದುದು ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಒಂದು ಸುಮಾರು 750 ಕಿಲೊ, ಇನ್ನೊಂದು ಸುಮಾರು 250 ಕಿಲೊ ತೂಗಿದವೆಂದು ವರದಿಯಾಗಿತ್ತು.

ತೊರಕೆಯ ಮೈಯಲ್ಲಿ ಗಟ್ಟಿ ಎಲುಬಿಲ್ಲ. ನಮ್ಮ ಕಿವಿಯ ಹಾಲೆಯಲ್ಲಿರುವಂಥ ಮೃದ್ವಸ್ಥಿಯೇ ಅದರ ಅಸ್ಥಿಪಂಜರ. ಎದೆಯ ಈಜುರೆಕ್ಕೆಗಳು ತಲೆಯಿಂದ ಬಾಲದ ಬುಡದವರೆಗೆ ಬೆಳೆದು ಮೈಯೊಡನೆ ಕೂಡಿಕೊಂಡಿವೆ. ನಾವು ‘ತಟ್ಟೆ’ ಎಂದು ಕಾಣುವುದರ ಬಹುಪಾಲು ಈ ರೆಕ್ಕೆಗಳೇ. ರೆಕ್ಕೆಯೊಳಗೆ ಕೊಡೆಯ ಕಡ್ಡಿಗಳಂತೆ ಮೃದ್ವಸ್ಥಿಯ ಸಪೂರ ಕಡ್ಡಿಗಳು ಹರಡಿವೆ. ಒಂದೊಂದು ಕಡ್ಡಿಯೂ ಅನೇಕ ತುಂಡುಗಳನ್ನು ಜೋಡಿಸಿದಂತಿರುವುದರಿಂದ ರೆಕ್ಕೆ ಬೇಕಾದ ಕಡೆ ಬಾಗುತ್ತದೆ.

ಬಂಗುಡೆ, ಭೂತಾಯಿಗಳಂತೆ ತೊರಕೆಯ ಹೊಟ್ಟೆಯಲ್ಲಿ ಗಾಳಿಚೀಲವಿಲ್ಲ. ಎಣ್ಣೆ ತುಂಬಿದ ಪಿತ್ತಜನಕಾಂಗ ಅದರ ಭಾರವನ್ನು ಸ್ವಲ್ಪ ಹಗುರ ಮಾಡುತ್ತದೆ, ನಿಜ. ಆದರೂ ತೊರಕೆಯ ಸಾಂದ್ರತೆ ನೀರಿಗಿಂತ ಹೆಚ್ಚು. ಈಜುವುದನ್ನು ನಿಲ್ಲಿಸಿದರೆ ಅದು ಮುಳುಗುತ್ತದೆ. ಹೀಗಾಗಿ ತೊರಕೆಯ ಮುಂದೆ ಎರಡು ದಾರಿಗಳಿವೆ. ಒಂದೋ ತಳದ ಮರಳಿನ ಮೇಲೆ ಒರಗಿ ಬದುಕಬೇಕು, ಇಲ್ಲವೇ ವಿಮಾನದ ಹಾಗೆ ಸದಾ ಚಲಿಸುತ್ತ ರೆಕ್ಕೆಯ ಬಲದಿಂದ ಮೇಲೆ ಉಳಿಯಬೇಕು. ಪ್ರಕೃತಿಯಲ್ಲಿ ಎರಡು ಬಗೆಯ ತೊರಕೆಗಳೂ ಇವೆ.

ಕಲ್ಲಿನ ಮೇಲೆ ನಿಂತ ನೀರು

ತಳದಲ್ಲಿ ಒರಗುವುದು ಸುಲಭವೆಂದು ಭಾವಿಸಬೇಡಿ. ಹರಿಯುವ ನೀರು ಉಬ್ಬಿದ ಬೆನ್ನಿನ ಮೇಲೆ ಹಾದುಹೋಗುವಾಗ ಅದರ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಲ್ಲಿ ಒತ್ತಡ ಕಡಿಮೆಯಾಗುತ್ತದೆ. ಇದು ಬರ್ನೂಲಿಯ ತತ್ವ. ಮೇಲೆ ಒತ್ತಡ ಕಡಿಮೆಯಾದರೆ ಮೀನು ಮೇಲಕ್ಕೆ ಎತ್ತಲ್ಪಡುತ್ತದೆ. ಬಿರುಗಾಳಿಗೆ ಕೊಟ್ಟಿಗೆಯ ಶೀಟುಗಳು ಎದ್ದು ಹಾರುವುದೂ ಬಹುಮಟ್ಟಿಗೆ ಇದೇ ಕಾರಣದಿಂದ. ಆದ್ದರಿಂದ ತೊರಕೆ ತನ್ನ ಅಂಚುಗಳನ್ನು ಮರಳಿಗೆ ಒತ್ತಿ ಹಿಡಿಯುತ್ತದೆ, ರೆಕ್ಕೆಯಿಂದ ಮರಳನ್ನು ಎಬ್ಬಿಸಿ ಬೆನ್ನ ಮೇಲೆ ಹೊದ್ದುಕೊಳ್ಳುತ್ತದೆ. ಬಾಯಿ, ಕಿವಿರುಗಳು ಹೊಟ್ಟೆಯ ಕಡೆಗಿವೆ. ಮರಳಿನಲ್ಲಿ ಹೂತಾಗ ಉಸಿರಾಟಕ್ಕೆ ತೊಂದರೆಯಾಗಬಾರದಲ್ಲ? ಅದಕ್ಕಾಗಿ ಕಣ್ಣುಗಳ ಹಿಂದೆಯೇ ಎರಡು ರಂಧ್ರಗಳಿವೆ. ಅವುಗಳ ಮೂಲಕ ಮೇಲಿನ ಶುದ್ಧ ನೀರನ್ನು ಒಳಗೆಳೆದುಕೊಳ್ಳುತ್ತದೆ.

ಚಪ್ಪಟೆಯಾಗಿರುವುದರಿಂದ ಇನ್ನೊಂದು ದೊಡ್ಡ ಲಾಭವಿದೆ. 1904ರಲ್ಲಿ ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ ಎಂಬ ವಿಜ್ಞಾನಿ ಒಂದು ಮುಖ್ಯ ವಿಷಯವನ್ನು ಎತ್ತಿ ತೋರಿಸಿದರು. ನೀರು ಎಷ್ಟೇ ರಭಸವಾಗಿ ಹರಿಯಲಿ, ಕಲ್ಲಿಗೆ ತಾಗಿರುವ ನೀರು ನಿಂತೇ ಇರುತ್ತದೆ. ಅಲ್ಲಿಂದ ದೂರ ಹೋದಂತೆ ವೇಗ ಏರುತ್ತಾ ಹೋಗಿ ಪೂರ್ಣ ಹರಿವಿಗೆ ಸೇರುತ್ತದೆ. ಈ ನಡುವಿನ ತೆಳುವಾದ ಪದರಕ್ಕೆ ಗಡಿಪದರ ಎಂದು ಹೆಸರು. ಗುಂಡ್ಯ ಹೊಳೆಯಂಥ ಕಡೆ ಕಲ್ಲಿಗೆ ಅಂಟಿಕೊಳ್ಳುವ ಮೀನು ಮೈಯನ್ನು ಚಪ್ಪಟೆ ಮಾಡಿಕೊಂಡು ಈ ನಿಧಾನದ ಪದರದಲ್ಲಿ ಆದಷ್ಟು ಆಶ್ರಯ ಪಡೆಯುತ್ತದೆ. ಕಡಲ ತಳದ ತೊರಕೆಗೂ ಇದೇ ಅನುಕೂಲ. ಈ ಎರಡು ಮೀನುಗಳಿಗೆ ಹತ್ತಿರದ ನೆಂಟಸ್ತನವೇನೂ ಇಲ್ಲ. ನೀರು ಒಡ್ಡಿದ ಪ್ರಶ್ನೆ ಒಂದೇ ಆಗಿದ್ದರಿಂದ ಎರಡಕ್ಕೂ ದೊರೆತ ಉತ್ತರದಲ್ಲಿ ಹೋಲಿಕೆಯಿದೆ.

ಅಲೆಯ ಲೆಕ್ಕ

ಒರಗಿದ್ದ ತೊರಕೆ ಹೊರಟಾಗ ಏನಾಗುತ್ತದೆ? ರೆಕ್ಕೆಯ ಮುಂದಿನ ಅಂಚು ಮೇಲೇಳುತ್ತದೆ, ಇಳಿಯುತ್ತದೆ. ಈ ಏರಿಳಿತ ರೆಕ್ಕೆಯುದ್ದಕ್ಕೂ ಹಿಂದಕ್ಕೆ ಸಾಗುತ್ತದೆ. ಗಾಳಿಗೆ ಭತ್ತದ ಗದ್ದೆಯಲ್ಲಿ ತೆನೆಗಳ ಮೇಲೆ ಅಲೆ ಓಡುವುದನ್ನು ನೋಡಿದವರು ಇದನ್ನು ಸುಲಭವಾಗಿ ಊಹಿಸಬಹುದು. ತೆನೆಗಳು ನಿಂತಲ್ಲೇ ತಲೆದೂಗುತ್ತವೆ, ಅಲೆ ಮಾತ್ರ ಗದ್ದೆಯ ಆಚೆ ಬದಿಗೆ ಹೋಗುತ್ತದೆ. ತೊರಕೆಯ ರೆಕ್ಕೆಯಲ್ಲೂ ಹಾಗೆಯೇ.

ರೆಕ್ಕೆಯ ಮೇಲೆ ಅಲೆ ಹಿಂದಕ್ಕೆ ಓಡುವಾಗ ಅದರ ಇಳಿಜಾರುಗಳು ನೀರನ್ನು ಹಿಂದಕ್ಕೆ ತಳ್ಳುತ್ತವೆ. ನೀರು ಮೀನನ್ನು ಮುಂದಕ್ಕೆ ತಳ್ಳುತ್ತದೆ. ಪ್ರತಿಯೊಂದು ಕ್ರಿಯೆಗೂ ಸಮನಾದ ಮತ್ತು ವಿರುದ್ಧವಾದ ಪ್ರತಿಕ್ರಿಯೆ ಇದೆ ಎಂದ ನ್ಯೂಟನ್ನನ ಮೂರನೆಯ ನಿಯಮವಿದು. ಸೇತುವೆಗಳು ಬರುವ ಮುನ್ನ ಹೊಳೆ ದಾಟಿಸುತ್ತಿದ್ದ ದೋಣಿಯವನೂ ಹುಟ್ಟಿನಿಂದ ಮಾಡುತ್ತಿದ್ದುದು ಇದನ್ನೇ. ಒಂದು ವ್ಯತ್ಯಾಸವೆಂದರೆ, ದೋಣಿಯವನು ಪ್ರತಿ ಸಲವೂ ಹುಟ್ಟನ್ನು ನೀರಿನಿಂದ ಎತ್ತಿ ಮುಂದೆ ತರಬೇಕು. ಆ ಹೊತ್ತಿನಲ್ಲಿ ದೋಣಿಗೆ ನೂಕುಬಲವಿಲ್ಲ. ತೊರಕೆಯ ರೆಕ್ಕೆಯಲ್ಲಿ ಒಂದು ಅಲೆ ಮುಗಿಯುವ ಮೊದಲೇ ಇನ್ನೊಂದು ಹುಟ್ಟಿರುತ್ತದೆ. ಆದ್ದರಿಂದ ನೂಕುಬಲ ಬಹುಮಟ್ಟಿಗೆ ಒಂದೇ ಸಮನಾಗಿ ದೊರೆಯುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಬಹುದು. ಅಲೆಯ ವೇಗ ಎಂದರೆ ಆವೃತ್ತಿ ಮತ್ತು ತರಂಗದೂರಗಳ ಗುಣಲಬ್ಧ ಎಂಬುದು ಪಾಠದಲ್ಲಿ ಬಂದಿದೆ. ಒಂದು ತೊರಕೆಯ ರೆಕ್ಕೆಯಲ್ಲಿ ಸೆಕೆಂಡಿಗೆ 2 ಅಲೆಗಳು ಏಳುತ್ತವೆ, ತರಂಗದೂರ 30 ಸೆಂಟಿಮೀಟರ್ ಎಂದು ಇಟ್ಟುಕೊಳ್ಳಿ. ಆಗ ಅಲೆ ಹಿಂದಕ್ಕೆ ಓಡುವ ವೇಗ ಸೆಕೆಂಡಿಗೆ 60 ಸೆಂಟಿಮೀಟರ್. ಮೀನು ಮುಂದೆ ಹೋಗುವ ವೇಗ 60 ಆಗುತ್ತದೆಯೇ? ಇಲ್ಲ. ಅದು 45ರಷ್ಟು ಇರಬಹುದು. ಮೀನೂ 60ರ ವೇಗದಲ್ಲೇ ಹೋದರೆ ಅಲೆ ನೀರಿನ ಲೆಕ್ಕದಲ್ಲಿ ನಿಂತಲ್ಲೇ ನಿಂತಂತಾಯಿತು, ಅದು ನೀರನ್ನು ಹಿಂದಕ್ಕೆ ತಳ್ಳಲಾರದು. ನೂಕುಬಲ ಬೇಕಾದರೆ ಅಲೆ ಮೀನಿಗಿಂತ ವೇಗವಾಗಿ ಓಡಲೇಬೇಕು. ಬ್ರಿಟನ್ನಿನ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್ 1960ರಲ್ಲಿ ಸಪೂರ ಮೈಯ ಮೀನುಗಳ ಈಜನ್ನು ಗಣಿತಕ್ಕೆ ಇಳಿಸಿದಾಗ ಈ ವಿಚಾರ ಸ್ಪಷ್ಟವಾಯಿತು. ಮೀನಿನ ವೇಗವನ್ನು ಅಲೆಯ ವೇಗದಿಂದ ಭಾಗಿಸಿದರೆ ನಮ್ಮ ಉದಾಹರಣೆಯಲ್ಲಿ 0.75 ಬರುತ್ತದೆ. ಈ ಸಂಖ್ಯೆ ಒಂದಕ್ಕೆ ಹತ್ತಿರವಾದಷ್ಟೂ ಶಕ್ತಿಯ ಪೋಲು ಕಡಿಮೆ. ಅದು ಒಂದನ್ನು ಮಾತ್ರ ಮುಟ್ಟಲಾರದು.

ತೊರಕೆಗೆ ಅವಸರವಾದಾಗ ಏನು ಮಾಡುತ್ತದೆ? ಅಲೆಯ ಎತ್ತರವನ್ನು ಹೆಚ್ಚಿಸುತ್ತದೆಯೋ, ಅಲೆಗಳ ಸಂಖ್ಯೆಯನ್ನೋ? ದಕ್ಷಿಣ ಅಮೆರಿಕದ ನದಿಗಳಲ್ಲಿ ಸಿಹಿನೀರಿನ ತೊರಕೆಗಳಿವೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿನ್ ಬ್ಲೆವಿನ್ಸ್ ಮತ್ತು ಜಾರ್ಜ್ ಲಾಡರ್ ಅಂಥ ತೊರಕೆಗಳನ್ನು ಹರಿಯುವ ನೀರಿನ ತೊಟ್ಟಿಯಲ್ಲಿ ಈಜಿಸಿ, ವೇಗದ ಕ್ಯಾಮೆರಾಗಳಿಂದ ಚಿತ್ರಿಸಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ವೇಗ ಹೆಚ್ಚಿದಾಗ ಅಲೆಯ ಎತ್ತರ ಹೆಚ್ಚು ಬದಲಾಗಲಿಲ್ಲ. ಆವೃತ್ತಿ ಮತ್ತು ಅಲೆಯ ವೇಗ ಹೆಚ್ಚಿದವು. ಅಂದರೆ ತೊರಕೆ ದೊಡ್ಡ ಹೆಜ್ಜೆ ಇಡುವುದಿಲ್ಲ, ಬೇಗಬೇಗ ಹೆಜ್ಜೆ ಹಾಕುತ್ತದೆ.

ಇನ್ನು ತಿರುಗುವ ಚಮತ್ಕಾರ. ಎಡರೆಕ್ಕೆ, ಬಲರೆಕ್ಕೆಗಳಲ್ಲಿ ಬೇರೆಬೇರೆ ಬಗೆಯ ಅಲೆ ಎಬ್ಬಿಸಿದರೆ ಸಾಕು, ಮೀನು ಬೇಕಾದತ್ತ ತಿರುಗುತ್ತದೆ. ಅಲೆಯನ್ನು ಹಿಂದಿನಿಂದ ಮುಂದಕ್ಕೆ ಓಡಿಸಿದರೆ ಹಿಮ್ಮುಖವಾಗಿಯೂ ಈಜುತ್ತದೆ.

ಅಲೆಯೋ, ಬಡಿತವೋ?

ಎಲ್ಲ ತೊರಕೆಗಳೂ ಹೀಗೆ ಅಲೆಯೆಬ್ಬಿಸುವುದಿಲ್ಲ. 2001ರಲ್ಲಿ ಅಮೆರಿಕದ ಲೀಸಾ ರೋಸೆನ್‌ಬರ್ಗರ್ ಹಲವು ಜಾತಿಗಳ ಈಜನ್ನು ಹೋಲಿಸಿ ಒಂದು ಅಳತೆಗೋಲು ಕೊಟ್ಟರು. ಒಂದು ಗಳಿಗೆಯಲ್ಲಿ ರೆಕ್ಕೆಯ ಮೇಲೆ ಒಂದಕ್ಕಿಂತ ಹೆಚ್ಚು ಪೂರ್ಣ ಅಲೆ ಇದ್ದರೆ ಅದು ಅಲೆಯುವ ಈಜು. ಅರ್ಧ ಅಲೆಗಿಂತಲೂ ಕಡಿಮೆ ಇದ್ದರೆ ಅದು ಬಡಿಯುವ ಈಜು. ಕೆಲವು ಜಾತಿಗಳು ಇವೆರಡರ ನಡುವೆ ಬರುತ್ತವೆ.

ತಳದಲ್ಲಿ ಬದುಕುವ, ದುಂಡು ತಟ್ಟೆಯಂಥ ತೊರಕೆಗಳು ಅಲೆಯುವ ಬಗೆಯವು. ನಿಧಾನವಾಗಿ ಹೋಗಲು, ಇಕ್ಕಟ್ಟಿನಲ್ಲಿ ತಿರುಗಲು ಇದು ಅನುಕೂಲ. ಮಂಟಾ ಮತ್ತು ಇಂಗ್ಲಿಷಿನಲ್ಲಿ ‘ಈಗಲ್ ರೇ’ ಎನ್ನುವ ಹದ್ದಿನ ರೆಕ್ಕೆಯ ತೊರಕೆಗಳು ಬಡಿಯುವ ಬಗೆಯವು. ಅವುಗಳ ರೆಕ್ಕೆ ಚೂಪಾಗಿ, ತ್ರಿಕೋನವಾಗಿರುತ್ತದೆ. ಅವು ಹಕ್ಕಿಯಂತೆ ರೆಕ್ಕೆ ಬಡಿಯುತ್ತ ತೆರೆದ ಕಡಲಿನಲ್ಲಿ ಬಹುದೂರ ಸಾಗುತ್ತವೆ, ನಡುನಡುವೆ ಬಡಿತ ನಿಲ್ಲಿಸಿ ಜಾರುತ್ತವೆ.

ಗರುಡನಿಗೂ ಮಂಟಾಗೂ ಇರುವ ಒಂದು ವ್ಯತ್ಯಾಸವನ್ನು ಮರೆಯಬಾರದು. ನೀರಿನ ಸಾಂದ್ರತೆ ಗಾಳಿಯ ಸುಮಾರು 800 ಪಟ್ಟು. ಮಂಟಾದ ಭಾರದ ಬಹುಪಾಲನ್ನು ನೀರೇ ಹೊರುತ್ತದೆ. ಗರುಡ ತನ್ನ ಇಡೀ ಭಾರವನ್ನು ರೆಕ್ಕೆಯಿಂದಲೇ ಎತ್ತಬೇಕು. ಹಾಗಾಗಿಯೇ ಅಷ್ಟು ಭಾರದ ಮಂಟಾ ಅಷ್ಟು ನಿಧಾನವಾಗಿ ರೆಕ್ಕೆ ಬಡಿದೂ ಮುಳುಗದೆ ಸಾಗಬಲ್ಲುದು.

ಲೋಟದಲ್ಲಿ ಸುಳಿ

ಚಹಾದ ಲೋಟದಲ್ಲಿ ಚಮಚವನ್ನು ಅರ್ಧ ಮುಳುಗಿಸಿ, ಮೆಲ್ಲಗೆ ಎಳೆದು, ಮೇಲೆತ್ತಿ. ಮೇಲ್ಮೈಯಲ್ಲಿ ಎರಡು ಪುಟ್ಟ ಗುಳಿಗಳು ಕಾಣುತ್ತವೆ. ಇವು ಸುಳಿಗಳು. ಒಂದು ಗಡಿಯಾರದ ಮುಳ್ಳಿನಂತೆ ತಿರುಗಿದರೆ ಇನ್ನೊಂದು ಅದಕ್ಕೆ ವಿರುದ್ಧವಾಗಿ ತಿರುಗುತ್ತದೆ. ಚಮಚದ ಮುಂದಿನ ನೀರಿನಲ್ಲಿ ಒತ್ತಡ ಹೆಚ್ಚು, ಹಿಂದೆ ಕಡಿಮೆ. ಅಂಚುಗಳ ಸುತ್ತ ನೀರು ಹೆಚ್ಚಿನ ಒತ್ತಡದಿಂದ ಕಡಿಮೆಯ ಕಡೆಗೆ ಸುತ್ತಿ ಬರುವಾಗ ಸುಳಿ ಹುಟ್ಟುತ್ತದೆ.

ಹರಿಯುವ ಹೊಳೆಯಲ್ಲಿ ಊರಿದ ಕಂಬದ ಹಿಂದೆಯೂ ಸುಳಿಗಳು ಏಳುತ್ತವೆ. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ, ತಾಳ ತಪ್ಪದೆ. ಝೆಕ್ ವಿಜ್ಞಾನಿ ಸ್ಟ್ರೌಹಾಲ್ 1878ರಲ್ಲಿ ಗಾಳಿಯಲ್ಲಿ ತಂತಿಗಳು ಗುಂಯ್‌ಗುಡುವ ಶಬ್ದವನ್ನು ಅಭ್ಯಾಸ ಮಾಡುತ್ತ ಈ ತಾಳದ ಸೂತ್ರವನ್ನು ಕಂಡುಕೊಂಡರು. ಸುಳಿ ಜೋಡಿಗಳ ಆವೃತ್ತಿಯನ್ನು ಕಂಬದ ದಪ್ಪದಿಂದ ಗುಣಿಸಿ, ಹರಿವಿನ ವೇಗದಿಂದ ಭಾಗಿಸಿದರೆ ಸುಮಾರು 0.2 ಬರುತ್ತದೆ. ಸೆಕೆಂಡಿಗೆ 50 ಸೆಂಟಿಮೀಟರ್ ವೇಗದ ನೀರಿನಲ್ಲಿ 10 ಸೆಂಟಿಮೀಟರ್ ದಪ್ಪದ ಅಡಿಕೆ ಮರದ ಕಂಬ ಊರಿದರೆ, ಸೆಕೆಂಡಿಗೆ ಒಂದು ಜೋಡಿ ಸುಳಿ. ಬೇಸಿಗೆಯಲ್ಲಿ ಸೇತುವೆಯ ಮೇಲೆ ನಿಂತು ಕಂಬಗಳ ಕೆಳಬದಿಯ ನೀರನ್ನು ಸ್ವಲ್ಪ ಹೊತ್ತು ನೋಡಿದರೂ ಈ ಎಡ-ಬಲ ಆಟ ಗೋಚರಿಸಬಹುದು.

ಕಂಬದ ಸುಳಿಗಳು ತಿರುಗುವ ದಿಕ್ಕು ಎಂಥದೆಂದರೆ ಅವುಗಳ ನಡುವಿನ ನೀರು ಕಂಬದ ಹಿಂದೆ ತಡೆದಂತಾಗುತ್ತದೆ, ಕಂಬದ ಮೇಲೆ ಎಳೆತ ಬೀಳುತ್ತದೆ. ಈಜುವ ಮೀನಿನ ಹಿಂದೆಯೂ ಸುಳಿಗಳ ಇಂಥದೇ ಸಾಲು ಇರುತ್ತದೆ, ಆದರೆ ಅವು ತಿರುಗುವ ದಿಕ್ಕು ತಿರುವುಮುರುವು. ಆಗ ಎರಡು ಸಾಲುಗಳ ನಡುವೆ ನೀರು ಪಿಚಕಾರಿಯಂತೆ ಹಿಂದಕ್ಕೆ ಚಿಮ್ಮುತ್ತದೆ. ಮೀನಿಗೆ ಅದೇ ನೂಕುಬಲ. ಕಂಬಕ್ಕೆ ತಡೆಯಾಗುವ ಸುಳಿಯನ್ನೇ ಮೀನು ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತದೆ.

ಮೀನುಗಳಿಗೆ ಸ್ಟ್ರೌಹಾಲ್ ಸಂಖ್ಯೆಯನ್ನು ಲೆಕ್ಕ ಹಾಕುವಾಗ ಕಂಬದ ದಪ್ಪದ ಬದಲು ರೆಕ್ಕೆ ಅಥವಾ ಬಾಲದ ತುದಿ ಆಡುವ ಅಂತರವನ್ನು ತೆಗೆದುಕೊಳ್ಳುತ್ತಾರೆ. ಒಂದು ಮಂಟಾದ ರೆಕ್ಕೆಯ ತುದಿ ಮೇಲಿಂದ ಕೆಳಗೆ 1.5 ಮೀಟರ್ ಆಡುತ್ತದೆ, ಹತ್ತು ಸೆಕೆಂಡಿಗೆ ಮೂರು ಬಡಿತ, ವೇಗ ಸೆಕೆಂಡಿಗೆ 1.5 ಮೀಟರ್ ಎಂದುಕೊಂಡರೆ ಉತ್ತರ 0.3. ಹಕ್ಕಿ, ಬಾವಲಿ, ಕೀಟ, ಮೀನು, ಡಾಲ್ಫಿನ್‌ಗಳು ಹಾಯಾಗಿ ಸಾಗುವಾಗ ಈ ಸಂಖ್ಯೆ ಬಹುತೇಕ 0.2 ಮತ್ತು 0.4ರ ನಡುವೆ ಇರುತ್ತದೆ ಎಂದು 2003ರಲ್ಲಿ ಬ್ರಿಟನ್ನಿನ ಪ್ರಾಣಿವಿಜ್ಞಾನಿಗಳು ತೋರಿಸಿದರು. ಸುಳಿಗಳು ಅಚ್ಚುಕಟ್ಟಾಗಿ ಜೋಡಣೆಯಾಗಿ ಶಕ್ತಿಯ ಪೋಲು ಕಡಿಮೆಯಾಗುವುದು ಈ ಮಿತಿಯಲ್ಲೇ.

ಗಾತ್ರಕ್ಕೆ ತಕ್ಕ ನೀರು

ಎಲ್ಲ ಮೀನುಗಳಿಗೂ ನೀರು ಒಂದೇ ತೆರನಾಗಿ ಕಾಣುತ್ತದೆಯೇ? ನೀರಿಗೆ ಎರಡು ಗುಣಗಳಿವೆ. ಒಂದು ಜಡತ್ವ, ಹೊರಟ ನೀರು ಹೊರಟಂತೆಯೇ ಇರಬೇಕೆನ್ನುವ ಗುಣ. ಇನ್ನೊಂದು ಸ್ನಿಗ್ಧತೆ, ಪದರ ಪದರಗಳ ನಡುವಿನ ಅಂಟು. ಇವೆರಡರಲ್ಲಿ ಯಾವುದರ ಕೈ ಮೇಲೆ ಎಂಬುದನ್ನು ತಿಳಿಸುವ ಸಂಖ್ಯೆಗೆ, 1883ರಲ್ಲಿ ಗಾಜಿನ ಕೊಳವೆಯಲ್ಲಿ ಬಣ್ಣದ ಎಳೆ ಹರಿಸಿ ಪ್ರಯೋಗ ಮಾಡಿದ ಆಸ್‌ಬೋರ್ನ್ ರೆನಾಲ್ಡ್ಸ್ ಅವರ ಹೆಸರಿದೆ. ನೀರಿನ ಮಟ್ಟಿಗೆ ಲೆಕ್ಕ ಸುಲಭ. ಉದ್ದವನ್ನು ಮೀಟರಿನಲ್ಲಿ, ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ತೆಗೆದುಕೊಂಡು ಗುಣಿಸಿ, ಹತ್ತು ಲಕ್ಷದಿಂದ ಮತ್ತೆ ಗುಣಿಸಿದರೆ ಸರಿಸುಮಾರು ಆಯಿತು.

4 ಮಿಲಿಮೀಟರ್ ಉದ್ದದ ಮೀನಿನ ಮರಿ ಸೆಕೆಂಡಿಗೆ 4 ಮಿಲಿಮೀಟರ್ ವೇಗದಲ್ಲಿ ಹೋದರೆ ರೆನಾಲ್ಡ್ಸ್ ಸಂಖ್ಯೆ 16. ಅದಕ್ಕೆ ನೀರು ಜೋನಿಬೆಲ್ಲದಂತೆ ಮಂದವಾದ ಅನುಭವ ಕೊಡುತ್ತದೆ. 20 ಸೆಂಟಿಮೀಟರಿನ ತೊರಕೆ ಸೆಕೆಂಡಿಗೆ 20 ಸೆಂಟಿಮೀಟರ್ ಹೋದರೆ 40,000. ರೆಕ್ಕೆ ನಡುವಿನಲ್ಲಿ 2 ಮೀಟರ್ ಉದ್ದವಿರುವ ಮಂಟಾ ಸೆಕೆಂಡಿಗೆ 1.5 ಮೀಟರ್ ಹೋದರೆ 30 ಲಕ್ಷ. ಅದಕ್ಕೆ ಸ್ನಿಗ್ಧತೆಯ ಚಿಂತೆ ಅಷ್ಟಾಗಿಲ್ಲ. ಒಂದೆರಡು ಬಡಿತ ಬಡಿದು ಸುಮ್ಮನಿದ್ದರೂ ಜಡತ್ವವೇ ಅದನ್ನು ಮುಂದೆ ಒಯ್ಯುತ್ತದೆ. ಮರಿಮೀನು ಮಾತ್ರ ಬಾಲ ಆಡಿಸುವುದನ್ನು ನಿಲ್ಲಿಸಿದರೆ ಬಹುಬೇಗ ನಿಂತುಬಿಡುತ್ತದೆ.

ಬಾಯಿಯೊಳಗಿನ ಜಾಣತನ

ಮಂಟಾದ ದೇಹ ದೊಡ್ಡದಾದರೂ ಆಹಾರ ಕಡಲಿನಲ್ಲಿ ತೇಲುವ ಅತಿಸಣ್ಣ ಜೀವಿಗಳು. ಬಾಯಿ ತೆರೆದು ಈಜುತ್ತ, ಒಳಬಂದ ನೀರನ್ನು ಸೋಸಿ ಕಿವಿರಿನ ಮೂಲಕ ಹೊರಬಿಡುತ್ತದೆ. ಚಹಾ ಸೋಸುವ ಜಾಲರಿ ಸ್ವಲ್ಪ ಹೊತ್ತಿನಲ್ಲೇ ಕಟ್ಟಿಕೊಳ್ಳುವುದು ಅಡುಗೆಮನೆಯ ಅನುಭವ. ಮಂಟಾದ ಜಾಲರಿ ಏಕೆ ಕಟ್ಟಿಕೊಳ್ಳುವುದಿಲ್ಲ?

2018ರಲ್ಲಿ ಅಮೆರಿಕದ ಸಂಶೋಧಕರು ಇದಕ್ಕೆ ಉತ್ತರ ಕಂಡುಹಿಡಿದರು. ಜಾಲರಿಯ ಪಟ್ಟಿಗಳು ಓರೆಯಾಗಿ ಜೋಡಣೆಯಾಗಿವೆ. ನೀರು ಅವುಗಳ ಮೇಲೆ ಹಾದು ಸಂದುಗಳಿಗೆ ತಿರುಗುವಾಗ ಪ್ರತಿ ಸಂದಿನಲ್ಲೂ ಒಂದು ಸುಳಿ ನಿಲ್ಲುತ್ತದೆ. ಆಹಾರದ ಕಣಗಳು ಪಟ್ಟಿಗೆ ತಾಗಿ, ಕೇರಂ ಬೋರ್ಡಿನ ಅಂಚಿಗೆ ಬಡಿದ ಪಾನಿನಂತೆ ಚಿಮ್ಮಿ, ಗಂಟಲಿನತ್ತ ಸಾಗುತ್ತವೆ. ನೀರು ಮಾತ್ರ ಹೊರಹೋಗುತ್ತದೆ. ಸಂದಿಗಿಂತ ಚಿಕ್ಕದಾದ ಕಣಗಳೂ ಹೀಗೆ ಒಳಗೇ ಉಳಿಯುತ್ತವೆ. ನೀರಿನ ಶುದ್ಧೀಕರಣಕ್ಕೆ ಇಂಥ ಜಾಲರಿ ಉಪಯೋಗವಾದೀತೇ ಎಂಬ ಆಲೋಚನೆಗೆ ಇದು ದಾರಿ ಮಾಡಿಕೊಟ್ಟಿದೆ.

ತೊರಕೆಯನ್ನು ನೋಡಿ ಕಲಿಯುವ ಕೆಲಸ ಇಷ್ಟಕ್ಕೇ ನಿಂತಿಲ್ಲ. 2016ರಲ್ಲಿ ಹಾರ್ವರ್ಡ್‌ನ ಕೆವಿನ್ ಕಿಟ್ ಪಾರ್ಕರ್ ಅವರ ತಂಡ 16 ಮಿಲಿಮೀಟರ್ ಉದ್ದದ ಕೃತಕ ತೊರಕೆಯೊಂದನ್ನು ತಯಾರಿಸಿತು. ಚಿನ್ನದ ಎಳೆಯ ಅಸ್ಥಿಪಂಜರ, ಮೃದುವಾದ ಪ್ಲಾಸ್ಟಿಕ್ ಮೈ, ಅದರ ಮೇಲೆ ಇಲಿಯ ಹೃದಯದ ಸುಮಾರು 2 ಲಕ್ಷ ಜೀವಕೋಶಗಳು. ಬೆಳಕು ಬಿದ್ದಾಗ ಆ ಕೋಶಗಳು ಸಂಕುಚಿಸುತ್ತವೆ, ರೆಕ್ಕೆಯಲ್ಲಿ ಅಲೆ ಓಡುತ್ತದೆ. ಬೆಳಕನ್ನು ತೋರಿಸಿ ಅಡೆತಡೆಗಳ ನಡುವೆ ಅದನ್ನು ನಡೆಸಲೂ ಸಾಧ್ಯವಾಯಿತು. ಹೃದಯ ರಕ್ತವನ್ನು ನೂಕುವ ಬಗೆಯನ್ನು ಅರಿಯುವುದು ಆ ತಂಡದ ಮೂಲ ಉದ್ದೇಶವಾಗಿತ್ತು. ತೊರಕೆಯ ರೆಕ್ಕೆಗೂ ಹೃದಯಕ್ಕೂ ಕೆಲಸ ಒಂದೇ ತಾನೇ? ಸ್ನಾಯುವಿನಿಂದ ದ್ರವವನ್ನು ತಳ್ಳುವುದು.

ಇನ್ನೊಂದು ಲೆಕ್ಕ

ಇಷ್ಟೆಲ್ಲ ಜಾಣತನವಿರುವ ಮೀನು ಇನ್ನೊಂದು ಲೆಕ್ಕದಲ್ಲಿ ಸೋಲುತ್ತಿದೆ. ಅದು ಹುಟ್ಟುಸಾವಿನ ಲೆಕ್ಕ.

ಭೂತಾಯಿ ಮೀನು ಹತ್ತಾರು ಸಾವಿರ ಮೊಟ್ಟೆಗಳನ್ನಿಡುತ್ತದೆ. ಮುಳ್ಳುಬಾಲದ ತೊರಕೆಗಳು ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತವೆ, ಅದೂ ಕೆಲವೇ ಕೆಲವು. ಮಂಟಾ ಸಾಮಾನ್ಯವಾಗಿ ಸುಮಾರು ಒಂದು ವರ್ಷ ಹೊತ್ತು ಒಂದೇ ಒಂದು ಮರಿ ಹಾಕುತ್ತದೆ. ಮುಂದಿನ ಮರಿಗೆ ಮತ್ತೆ ಕೆಲವು ವರ್ಷ ಕಾಯಬೇಕು. ಭೂತಾಯಿಯ ಸಂತತಿ ಕುಸಿದರೂ ಅನುಕೂಲ ಒದಗಿದಾಗ ಬೇಗ ಚೇತರಿಸಿಕೊಳ್ಳಬಲ್ಲುದು. ತೊರಕೆಗೆ ಅದು ಸಾಧ್ಯವಿಲ್ಲ.

ಯಾವ ಚಪ್ಪಟೆ ಮೈ ತೊರಕೆಯನ್ನು ಸೆಳೆತದಿಂದ ಕಾಪಾಡಿತೋ ಅದೇ ಈಗ ಅದಕ್ಕೆ ಮುಳುವಾಗಿದೆ. ತಳದ ಮರಳಿಗೆ ಒರಗಿದ ಮೀನಿನ ಮೇಲೆ ತಳವನ್ನೇ ಗುಡಿಸಿಕೊಂಡು ಬರುವ ಟ್ರಾಲ್ ಬಲೆ ಹಾಯುತ್ತದೆ. ಸಿಗಡಿಗೋ ಬೇರೆ ಮೀನಿಗೋ ಹಾಕಿದ ಬಲೆಯಲ್ಲಿ ತೊರಕೆಯೂ, ಅದರ ಮರಿಯೂ ಬರುತ್ತವೆ. ಮಂಟಾ ಮತ್ತು ಅದರ ಬಳಗದ ಮೀನುಗಳಿಗೆ ಇನ್ನೊಂದು ಕಂಟಕ, ಅವುಗಳ ಸೋಸುವ ಜಾಲರಿಗೇ ಬಂದಿರುವ ಬೆಲೆ. ಪೂರ್ವ ಏಷ್ಯಾದ ಕೆಲವೆಡೆ ಅದನ್ನು ಒಣಗಿಸಿ ಔಷಧಿಯೆಂದು ಮಾರುತ್ತಾರೆ.

1970ರಿಂದೀಚೆಗೆ ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ ಶೇ. 71ರಷ್ಟು ಕುಸಿದಿದೆ ಎಂದು 2021ರ ಆರಂಭದಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಶಾರ್ಕ್ ಮತ್ತು ತೊರಕೆಗಳ ಜಾತಿಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಅಳಿವಿನ ಅಂಚಿನತ್ತ ಸಾಗಿವೆಯೆಂದು ಅದೇ ವರ್ಷದ ಇನ್ನೊಂದು ಸಮೀಕ್ಷೆ ಎಚ್ಚರಿಸಿತು. ಕಾನೂನು ಸುಮ್ಮನೆ ಕುಳಿತಿಲ್ಲ. ತೊರಕೆಗಳ ಬಳಗದ್ದೇ ಆದ ಗರಗಸ ಮೀನನ್ನು ಹಿಡಿಯುವುದನ್ನು ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ 2001ರಲ್ಲಿ ನಿಷೇಧಿಸಲಾಯಿತು. ಮಂಟಾಗಳನ್ನು 2013ರಲ್ಲಿ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಲಾಯಿತು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ಇರುವ 61 ದಿನಗಳ ರಜೆಯೂ ಕಡಲಿಗೆ ಸ್ವಲ್ಪ ಉಸಿರು ಕೊಡುತ್ತದೆ.

ಆದರೆ ಬಲೆಗೆ ಯಾವ ಮೀನು ಬೀಳಬೇಕೆಂದು ಮೊದಲೇ ಹೇಳಲು ಮೀನುಗಾರನಿಗೆ ಸಾಧ್ಯವಿಲ್ಲ, ಅವನ ಸಂಸಾರವೂ ನಡೆಯಬೇಕು. ಅವನಿಂದ ಆಗಬಹುದಾದದ್ದು, ಬಲೆಯಲ್ಲಿ ಜೀವಂತ ಬಂದ ಮರಿಗಳನ್ನು ಬೇಗನೆ ನೀರಿಗೆ ಮರಳಿಸುವುದು. ಕೊಳ್ಳುವವರಿಂದ ಆಗಬಹುದಾದದ್ದು, ಅಂಗೈಯಗಲದ ತೊರಕೆ ಮರಿಗಳನ್ನು ಬೇಡವೆನ್ನುವುದು. ಮೀನಿನ ಗಾಡಿಯ ಮುಂದೆ ಚೀಲ ಹಿಡಿದು ನಿಂತ ತಂದೆತಾಯಂದಿರು ಈ ಒಂದು ಮಾತನ್ನು ಮಕ್ಕಳ ಎದುರಿನಲ್ಲೇ ಹೇಳಿದರೆ ಅದೂ ಒಂದು ಪಾಠವೇ.

ಇಚಿಲಂಪಾಡಿಯ ಸೇತುವೆಯಿಂದ ಕಡಲು ದೂರವೇ ಸರಿ. ಆದರೆ ಸೇತುವೆಯಿಂದ ಹೊಳೆಗೆ ಎಸೆದ ಪ್ಲಾಸ್ಟಿಕ್ ಚೀಲಕ್ಕೆ ಆ ದೂರ ಏನೂ ಅಲ್ಲ. ಒಂದು ಮಳೆಗಾಲದ ನೆರೆ ಅದನ್ನು ಕುಮಾರಧಾರೆ, ನೇತ್ರಾವತಿಗಳ ದಾರಿಯಾಗಿ ತೊರಕೆ ಒರಗುವ ಮರಳಿಗೆ ಮುಟ್ಟಿಸಬಲ್ಲುದು. ಕಲ್ಲಿಗಂಟಿದ ಪುಟ್ಟ ಮೀನಿಗೂ ಕಡಲ ಕಂಬಳಿಗೂ ನಡುವೆ ಇರುವುದು ಒಂದೇ ಹರಿವು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಅಗಲವಾದ ಬೇಸಿನ್ ಅಥವಾ ಬಾನಿ, ಪ್ಲಾಸ್ಟಿಕ್ ಫೈಲಿನ ತೆಳು ಹಾಳೆಯಿಂದ ಕತ್ತರಿಸಿದ 30 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ಅಗಲದ ಪಟ್ಟಿ, ಒಂದು ಕಡ್ಡಿ, ಅಷ್ಟೇ ಉದ್ದದ ಗಟ್ಟಿ ಸ್ಕೇಲು, ಸ್ವಲ್ಪ ಒಣ ಚಹಾಪುಡಿ.

ಪಟ್ಟಿಯ ಒಂದು ತುದಿಯನ್ನು ಕಡ್ಡಿಗೆ ಬಿಗಿಯಾಗಿ ಅಂಟಿಸಿ. ನೀರಿನ ಮೇಲೆ ಚಹಾಪುಡಿ ಉದುರಿಸಿ. ಪಟ್ಟಿಯ ಮೇಲಂಚು ನೀರಿನ ಮಟ್ಟಕ್ಕೆ ಇರುವಂತೆ ಕಡ್ಡಿಯನ್ನು ನೆಟ್ಟಗೆ ಹಿಡಿದು, ನಿಧಾನವಾಗಿ ಎಡಕ್ಕೂ ಬಲಕ್ಕೂ ಆಡಿಸಿ. ಪಟ್ಟಿಯಲ್ಲಿ ಅಲೆ ಹಿಂದಕ್ಕೆ ಓಡುವುದನ್ನೂ, ತುದಿಯಿಂದ ಸುಳಿಗಳು ಕಳಚಿಕೊಳ್ಳುವುದನ್ನೂ ಗಮನಿಸಿ. ಕಡ್ಡಿ ಹಿಡಿದ ಕೈಯನ್ನು ಮುಂದಕ್ಕೆ ತಳ್ಳಿದ ಅನುಭವವಾಗುತ್ತದೆ. ಈಗ ಗಟ್ಟಿ ಸ್ಕೇಲಿನಿಂದ ಹಾಗೆಯೇ ಮಾಡಿ. ಶ್ರಮ ಹೆಚ್ಚು ಯಾವುದರಲ್ಲಿ, ನೂಕು ಹೆಚ್ಚು ಯಾವುದರಲ್ಲಿ ಎಂಬುದನ್ನು ನೋಟ್ ಪುಸ್ತಕದಲ್ಲಿ ಬರೆದಿಡಿ. ಪಟ್ಟಿಯ ಉದ್ದವನ್ನು ಬದಲಿಸಿ ಮತ್ತೆ ನೋಡಿ. ಪ್ರಯೋಗವನ್ನು ಮನೆಯಂಗಳದಲ್ಲೇ ಮಾಡಿ, ಹೊಳೆಗೆ ಇಳಿಯುವುದು ದೊಡ್ಡವರ ಜೊತೆಗೆ ಮಾತ್ರ.